ಮಂಗಳದಲ್ಲಿ ಊರು ಕಟ್ಟುವ ಆಟ: ಹೋದದ್ದು ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುವ ಅಧ್ಯಾಪಕರು, ಕೇರಳದ ಶಾಲೆಗಳ ಐಟಿ ಕ್ಲಬ್ಬಾದ ಲಿಟ್ಲ್ ಕೈಟ್ಸ್ ತರಗತಿಯಲ್ಲಿ, ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್ ಕಲಿಯುವ ಮಕ್ಕಳು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ಮಂಗಳ ಗ್ರಹದಲ್ಲಿ ಊರು ಕಟ್ಟುವ ಕಂಪ್ಯೂಟರ್ ಆಟಗಳು ಬೇಕಾದಷ್ಟಿವೆ. ಗುಮ್ಮಟ ಕಟ್ಟು, ಸೋಲಾರ್ ಹಾಕು, ಅಂಕ ಗಳಿಸು. ಮಕ್ಕಳು ಆಡಲಿ. ಆದರೆ ಪಾಠಕ್ಕೆಂದು ನೀವೇ ಆಟ ಮಾಡುವುದಾದರೆ ಒಂದು ನಿಯಮ ಬಿಡಬೇಡಿ: ಹೋದದ್ದು ಎಲ್ಲಿ ಹೋಯಿತು, ಬಂದದ್ದು ಎಲ್ಲಿಂದ ಬಂತು, ಎರಡೂ ಬರೆಯಬೇಕು.

ಯಾಕೆಂದು ಕೇಳಿ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ದೊಡ್ಡ ಗಾಜಿನ ಮನೆ ಇದೆ. 1991ರ ಸೆಪ್ಟೆಂಬರ್ 26ರಂದು ಎಂಟು ಮಂದಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಒಳಗೇ ಗದ್ದೆ, ಕಾಡು, ಪುಟ್ಟದೊಂದು ಸಮುದ್ರ. ಎರಡು ವರ್ಷ ಹೊರಗಿನ ಗಾಳಿ ಬೇಡ ಎಂಬ ಹಟ. ಆದರೆ ಶೇಕಡಾ 21ರ ಹತ್ತಿರವಿದ್ದ ಆಮ್ಲಜನಕ ತಿಂಗಳು ತಿಂಗಳು ಇಳಿಯುತ್ತಾ ಹದಿನಾರು ತಿಂಗಳಲ್ಲಿ ಸುಮಾರು 14ಕ್ಕೆ ಬಂತು. ಒಳಗಿದ್ದವರಿಗೆ ದಣಿವು, ರಾತ್ರಿ ನಿದ್ದೆಯಿಲ್ಲ. ಗೊಬ್ಬರ ತುಂಬಿದ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತಿದ್ದವು. ಸರಿ, ಹಾಗಿದ್ದರೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಏರಬೇಕಲ್ಲ? ಅಷ್ಟು ಏರಿರಲಿಲ್ಲ! ಅದು ಹೋಗಿ ಸೇರಿದ್ದು ಕಾಂಕ್ರೀಟಿನೊಳಗೆ. ಹೊಸ ಸಿಮೆಂಟಿನ ಸುಣ್ಣದ ಅಂಶ ಅದನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು. ಕಳೆದುಹೋದ ಆಮ್ಲಜನಕ ಗೋಡೆಯಲ್ಲಿ ಕೂತಿತ್ತು! 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಮಣ್ಣಿಗೊಂದು, ಗೋಡೆಗೊಂದು ಕಾಲಂ ಇಲ್ಲದ ಲೆಕ್ಕಪುಸ್ತಕದಲ್ಲಿ ಈ ನಷ್ಟ ಕಾಣುವುದೇ ಇಲ್ಲ.

ಈಗ ನಿಮ್ಮ ಆಟ. ನಾಲ್ಕು ಜನ, ಒಂದು ಸರದಿಗೆ ಒಂದು ದಿನ. ಒಬ್ಬರಿಗೆ ದಿನಕ್ಕೆ 0.84 ಕಿಲೋ ಆಮ್ಲಜನಕ ಬೇಕು, ನಾಲ್ವರಿಗೆ 3.36. ಅದನ್ನು ನೀರು ಒಡೆದು ಪಡೆಯಲು 3.78 ಕಿಲೋ ನೀರು ಬೇಕು, ಸುಮಾರು 23 ಯೂನಿಟ್ ಕರೆಂಟೂ ಬೇಕು. ಪಕ್ಕದಲ್ಲಿ 0.42 ಕಿಲೋ ಹೈಡ್ರೋಜನ್ ಉಳಿಯುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ, ಹೈಡ್ರೋಜನನ್ನು ಮರೆತುಬಿಡುತ್ತಾರೆ. ಅದನ್ನು 2.31 ಕಿಲೋ ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿಸಿದರೆ 1.89 ಕಿಲೋ ನೀರು, 0.84 ಕಿಲೋ ಮೀಥೇನ್. ಅಂದರೆ ಒಡೆದ ನೀರಿನಲ್ಲಿ ಸರಿಯಾಗಿ ಅರ್ಧ ವಾಪಸ್. ಉಳಿದರ್ಧದ ಹೈಡ್ರೋಜನ್ ಮೀಥೇನಿನಲ್ಲಿದೆ, ಅದನ್ನು ಹೊರಗೆ ಬಿಟ್ಟರೆ ನೀರನ್ನೇ ಚೆಲ್ಲಿದ ಹಾಗೆ. ಬಾಯಾರು, ಪೆರ್ಲ ಕಡೆ ಗುಡ್ಡ ಕೊರೆದ ಸುರಂಗದ ನೀರು ಕುಡಿದು ಬೆಳೆದ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಸ್ಕ್ರ್ಯಾಚ್‌ನಲ್ಲಿ ಇದನ್ನು ಹೀಗೆ ಕೂರಿಸಿ. ಆಮ್ಲಜನಕ, ನೀರು, ಊಟ, ಮಲಮೂತ್ರ, ಎಲ್ಲಕ್ಕೂ ಒಂದೊಂದು ವೇರಿಯೆಬಲ್, ಅಂದರೆ ಅಂಕಿ ಇಡುವ ಡಬ್ಬಿ. ಕಳೆಯುವ ಬ್ಲಾಕ್ ಹಾಕಿದಲ್ಲೆಲ್ಲ ಕೆಳಗೇ ಕೂಡಿಸುವ ಬ್ಲಾಕ್. ಮನುಷ್ಯ 0.84 ಕಿಲೋ ಆಮ್ಲಜನಕ ಎಳೆದುಕೊಂಡು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮಕ್ಕಳು ಹೆಚ್ಚಿನ ತೂಕ ಎಲ್ಲಿಂದ ಎಂದು ಕೇಳಲಿ, ಊಟದ ಕಾಲಂ ತೋರಿಸಿ. ಸರದಿ ಮುಗಿದಾಗ ಎಲ್ಲ ಕಿಲೋಗಳ ಮೊತ್ತ ಮೊದಲಿನಷ್ಟೇ ಇರಬೇಕು. ಇಲ್ಲವಾದರೆ ಆಟ ಅಲ್ಲೇ ನಿಲ್ಲಲಿ, ತಪ್ಪು ಹುಡುಕಲಿ. ಅಂಕ, ಬಣ್ಣ, ಸಂಗೀತ ಆಮೇಲೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಮಂಗಳಕ್ಕೆ ಬೀಳುವ ಬಿಸಿಲು ನಮ್ಮಲ್ಲಿನ ಶೇಕಡಾ 43ರಷ್ಟು. ಧೂಳೆದ್ದರೆ ಅದೂ ಇಲ್ಲ. 2018ರ ಜೂನ್‌ನಲ್ಲಿ ಮಂಗಳದ ಮೇಲೆ ಓಡಾಡುತ್ತಿದ್ದ ನಾಸಾದ ಆಪರ್ಚುನಿಟಿ ರೋವರ್ ಮೌನವಾದದ್ದು ಅಂಥ ಧೂಳಿನಲ್ಲೇ. ಹೊಸ ಸಾಮಾನಿನ ನೌಕೆ ಹೊರಡುವ ಅವಕಾಶ 26 ತಿಂಗಳಿಗೊಮ್ಮೆ ಮಾತ್ರ. ಇವೆರಡನ್ನೂ ಮೊದಲ ದಿನವೇ ಸೇರಿಸಬೇಡಿ. ನಾಲ್ಕು ಜನ ಮೂವತ್ತು ಸರದಿ ಉಳಿದು, ಮೊತ್ತ ತಾಳೆಯಾದ ಮೇಲೆ ಧೂಳು ಎಬ್ಬಿಸಿ. ನಮಸ್ಕಾರ.