ಉಳುವವರೇ ನ್ಯಾಯ ಹೇಳುವ ಊರು

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ಹಳ್ಳಿಯ ಚರಿತ್ರೆ ಎಂದೊಡನೆ ಎಲ್ಲರೂ ಕೇಳುವುದು ಚರ್ಚಿನ ವಿಷಯ, ಇಲ್ಲವೇ ಕೋಟೆಯ ವಿಷಯ. ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ ಎರಡೂ ಇವೆ. ಅವು ಹಾಗೇ ಇರಲಿ. ದಯವಿಟ್ಟು ಹೊಲದ ಕಡೆ ಬನ್ನಿ.

ಅಲ್ಲಿ ದೊಡ್ಡ ಹೊಲಗಳು ಮೂರು. ನಡುವೆ ಬೇಲಿಯಿಲ್ಲ. ಒಬ್ಬೊಬ್ಬ ರೈತನ ಪಾಲಿನ ನೆಲದ ಪಟ್ಟಿಗಳು ಮೂರರಲ್ಲೂ ಚೆದುರಿವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದು ಬೀಳು ಅಥವಾ ಮೇವಿಗೆ. ಮರುವರ್ಷ ಸರದಿ ತಿರುಗುತ್ತದೆ.

ಬೇಲಿಯೇ ಇಲ್ಲದ ಕಡೆ ನೇಗಿಲು ಪಕ್ಕದವನ ನೆಲಕ್ಕೆ ಒಂದಡಿ ಸರಿಯದೆ ಇದ್ದೀತೇ? ಸರಿಯುತ್ತದೆ. ಅದಕ್ಕೇ ನವೆಂಬರ್ ಕೊನೆಯಲ್ಲಿ ಜ್ಯೂರಿಯ, ಅಂದರೆ ಹೊಲ ಪರೀಕ್ಷಿಸುವ ಪಂಚರ ದಿನ. ಹನ್ನೆರಡು ಮಂದಿ ರೈತರು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಆಗಷ್ಟೇ ಗೋಧಿ ಬಿತ್ತಿದ ಹೊಲಕ್ಕೆ ಹೋಗುತ್ತಾರೆ. ಮೊಣಕಾಲವರೆಗೆ ಬೂಟು, ಕೈಯಲ್ಲಿ ಕೊಡತಿ. ಪಟ್ಟಿಯ ಕೊನೆಯಲ್ಲಿ ನಿಂತು ಸಾಲು ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಒಬ್ಬರಿಗೊಬ್ಬರು ವಾದಿಸುತ್ತಾರೆ, ಎಲ್ಲೆಗೆ ಗೂಟ ಹೊಡೆಯುತ್ತಾರೆ. ಹುಲ್ಲಿನ ಪಟ್ಟಿಯನ್ನು ಯಾರಾದರೂ ಉತ್ತು ಒತ್ತಿಕೊಂಡಿದ್ದರೆ ಹೆಸರು ಬರೆದುಕೊಳ್ಳುತ್ತಾರೆ. ಜ್ಯೂರಿಯಲ್ಲಿ ಇರುವವನೇ ಒತ್ತಿದ್ದರೂ ಬಿಡುವುದಿಲ್ಲ! ಮಧ್ಯಾಹ್ನ ಊರಿನ ಪಬ್ಬಾದ ಡವ್‌ಕೋಟ್ ಇನ್ನಿನಲ್ಲಿ ಊಟ. ಮುಂದಿನ ವಾರ ಅದೇ ಪಬ್ಬಿನಲ್ಲಿ ಮೇನರಿನ, ಅಂದರೆ ಹಳೆಯ ಜಹಗೀರಿನ ನ್ಯಾಯಾಲಯ ಕೂರುತ್ತದೆ, ದಂಡ ವಿಧಿಸುತ್ತದೆ, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣವಚನ ಬೋಧಿಸುತ್ತದೆ. ದಂಡ ಕೆಲವೇ ಪೌಂಡು. ಆದರೆ ನೆರೆಹೊರೆಯವರೆಲ್ಲ ಕುಳಿತಿರುವಾಗ ಅದನ್ನು ತೆರುವುದಿದೆಯಲ್ಲ, ಅದು ಸಣ್ಣದಲ್ಲ. ಇಲ್ಲಿ ಬದುವನ್ನು ಅಳೆಯುವವರು ಉಳುವವರೇ, ನ್ಯಾಯ ಹೇಳುವವರೂ ಉಳುವವರೇ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 18 ಮತ್ತು 19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯಿದೆಗಳು ಇಂಗ್ಲೆಂಡಿನ ಇಂತಹ ಅನೇಕ ಹೊಲಗಳನ್ನು ಬೇರೆಬೇರೆಯಾಗಿ ಹಂಚಿ ಬೇಲಿ ಹಾಕಿಸಿದವು. ಲ್ಯಾಕ್ಸ್‌ಟನ್ ಉಳಿದುಕೊಂಡಿತು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದ ಅದರ ನಕ್ಷೆ ಆಕ್ಸ್‌ಫರ್ಡಿನಲ್ಲಿದೆ. ಒಂದೊಂದು ಪಟ್ಟಿಯನ್ನೂ ಗುರುತಿಸಿದ್ದಾನೆ, ಉಳುವವರನ್ನೂ ಕೊಯ್ಯುವವರನ್ನೂ ಪುಟ್ಟದಾಗಿ ಬಿಡಿಸಿದ್ದಾನೆ. 1952ರಲ್ಲಿ ಸರ್ಕಾರವೇ ಈ ಜಮೀನನ್ನು ಕೊಂಡಿತು. ಆಮೇಲೆ ಅದು ಬ್ರಿಟಿಷ್ ದೊರೆಯ ಹೆಸರಿನಲ್ಲಿರುವ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನ ಕೈಸೇರಿತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಎಂಬ ಖಾಸಗಿ ಜಮೀನ್ದಾರಿಗೆ ಹೋಯಿತು. ಜ್ಯೂರಿ ಮಾತ್ರ ಈಗಲೂ ರೈತರದ್ದೇ.

ಆ ಕಡೆ ಹೋಗುವವರು ಗಟ್ಟಿ ಬೂಟು ಕೊಂಡೊಯ್ಯಿರಿ. ಅಲ್ಲಿಯದು ಜೇಡಿಮಣ್ಣು, ಮಳೆ ಬಿದ್ದರೆ ಕಾಲು ಬಿಡುವುದಿಲ್ಲ. ನಮಸ್ಕಾರ.