ಮಣ್ಣಿಲ್ಲದ ಚಟ್ಟಿ

(ಬದಿಯಡ್ಕ ಸಮೀಪದ ಒಂದು ವಾಚನಾಲಯದಲ್ಲಿ ಏಪ್ರಿಲ್ ಕೊನೆಯ ಭಾನುವಾರ ಸಂಜೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಹಳೇ ಪೇಪರ್ ಹಾಸಿದ್ದೇನೆ, ಗಾಬರಿಯಾಗಬೇಡಿ. ಉಪನ್ಯಾಸ ಅಂತ ಕರೆದರು. ಆದರೆ ಇದು ಅರ್ಧ ಮಾತು, ಅರ್ಧ ಕೈಕೆಲಸ. ಮನೆಯಿಂದ ಈ ಡೆಂಡ್ರೋಬಿಯಂ ಅನ್ನುವ ಆರ್ಕಿಡಿನ ಚಟ್ಟಿ ತಂದಿದ್ದೇನೆ. ಮೂರು ವರ್ಷದಿಂದ ಇದನ್ನು ಬಿಚ್ಚಿಲ್ಲ. ಆಮೇಲೆ ನಿಮ್ಮ ಎದುರೇ ಬಿಚ್ಚುತ್ತೇನೆ. ಒಳಗೆ ಎಂತ ಉಂಟು ಅಂತ ನನಗೂ ಗೊತ್ತಿಲ್ಲ.

ಮೊದಲು ಒಂದು ಪ್ರಶ್ನೆ. ಇಲ್ಲಿ ಆರ್ಕಿಡ್ ಬೆಳೆಸಿದವರು ಎಷ್ಟು ಜನ? ಇಬ್ಬರು. ಸರಿ. ವೆನಿಲ್ಲಾ ಹಾಕಿದವರು? ನೋಡಿ, ಅರ್ಧ ಸಭೆಯೇ ಕೈ ಎತ್ತಿತು!

ವೆನಿಲ್ಲಾ ಕೂಡ ಆರ್ಕಿಡ್ಡೇ. ಇಪ್ಪತ್ತು ವರ್ಷದ ಹಿಂದೆ ನಾವೆಲ್ಲ ಬೆಳಗ್ಗೆ ಎದ್ದು, ಕಾಪಿ ಕುಡಿಯುವ ಮೊದಲೇ ಕಡ್ಡಿ ಹಿಡಿದು ತೋಟಕ್ಕೆ ಓಡುತ್ತಿದ್ದೆವು. ಹೂ ಅರಳುವುದು ಒಂದೇ ದಿನ, ಅದೂ ಮಧ್ಯಾಹ್ನದೊಳಗೆ ಬಾಡುತ್ತದೆ. ಹೂವಿನ ಒಳಗಿನ ಆ ಸಣ್ಣ ಪರದೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿದರೆ ಪರಾಗ ಹೋಗಿ ಕೂರುತ್ತಿತ್ತು. ಆ ಉಪಾಯ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಗುಲಾಮ ಹುಡುಗ. 1841ರಲ್ಲಿ. ಆಗ ಅವನಿಗೆ ಹನ್ನೆರಡು ವರ್ಷ. ಕೋಡಿಗೆ ಸಾವಿರಗಟ್ಟಲೆ ರೇಟು ಬಂದದ್ದು, ರಾತ್ರಿ ನಾಯಿ ಕಟ್ಟಿ ಕಾವಲು ಕೂತದ್ದು, ಆಮೇಲೆ ಬಳ್ಳಿಯನ್ನು ಕೇಳುವವರೇ ಇಲ್ಲದೆ ಹೋದದ್ದು, ಅದನ್ನೆಲ್ಲ ಈಗ ನೆನಪಿಸಿ ನಿಮ್ಮ ಹೊಟ್ಟೆ ಉರಿಸುವುದಿಲ್ಲ. ಆರ್ಕಿಡ್ ನಮಗೆ ಹೊಸ ನೆಂಟ ಅಲ್ಲ, ಅಷ್ಟೇ ಹೇಳಬೇಕಿತ್ತು.

ಹಿತ್ತಲಿನ ಹಲಸಿನ ಮರ ನೋಡಿ. ಮಳೆ ಶುರುವಾಗುವ ಹೊತ್ತಿಗೆ ಕೊಂಬೆಯಿಂದ ನರಿಯ ಬಾಲದ ಹಾಗೆ ಗುಲಾಬಿ ಚುಕ್ಕಿಯ ಹೂಗೊಂಚಲು ಇಳಿಬಿಡುತ್ತದೆ. ಘಟ್ಟದ ಮೇಲಿನವರು ಅದಕ್ಕೆ ಸೀತಾಳೆದಂಡೆ ಅನ್ನುತ್ತಾರೆ. ನಮ್ಮ ಮಲಯಾಳಂ ನೆರೆಯವರಿಗೆ ಇಂಥ ಗಿಡಗಳೆಲ್ಲ ಮರವಾಳ, ಅಂದರೆ ಮರದ ಬಾಳೆ. ನಮ್ಮಲ್ಲಿ ಕೆಲವರು ಇದನ್ನು ಬಂದಳಿಕೆ ಅಂದುಕೊಂಡು ಕತ್ತಿ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಬಂದಳಿಕೆ ಮರದ ಒಳಗೆ ಬೇರು ಇಳಿಸಿ ರಸ ಹೀರುತ್ತದೆ. ಆರ್ಕಿಡ್ ಮರದಿಂದ ಒಂದು ತೊಟ್ಟನ್ನೂ ಕದಿಯುವುದಿಲ್ಲ, ತೊಗಟೆಯ ಮೇಲೆ ಸುಮ್ನೆ ಕೂತಿರುತ್ತದೆ. ಡೆಂಡ್ರೋಬಿಯಂ ಅನ್ನುವ ಹೆಸರಿನ ಅರ್ಥವೇ ಮರದ ಮೇಲಿನ ಬದುಕು.

ಇದು ಗೊತ್ತಿಲ್ಲದೆ ನಾನು ಮೊದಲ ಗಿಡವನ್ನು ಕೊಂದೆ. ಒಂದು ನರ್ಸರಿಯಲ್ಲಿ ಬಿಳಿ ಹೂವಿನ ಫಲನಾಪ್ಸಿಸ್ ಅನ್ನುವ ಆರ್ಕಿಡ್ ಕಂಡಿತು. ಪತಂಗಗಳು ಸಾಲಾಗಿ ಕೂತ ಹಾಗೆ ಹೂ. ಕೊಟ್ಟವರು "ದಿನಾ ನೀರು ಹಾಕಿ" ಅಂದರು, ಅಷ್ಟೇ. ಮನೆಗೆ ತಂದು ನೋಡಿದರೆ ಚಟ್ಟಿಯಲ್ಲಿ ಮಣ್ಣೇ ಇಲ್ಲ! ಮೋಸ ಮಾಡಿದರು ಅಂತ ಬೈದುಕೊಂಡು, ಒಳ್ಳೆಯ ಕೆಂಪು ಮಣ್ಣು, ಸೆಗಣಿ ಗೊಬ್ಬರ, ಒಂದು ಹಿಡಿ ಬೂದಿ ಬೆರೆಸಿ, ಬದನೆ ಗಿಡ ನೆಡುವ ಹಾಗೆ ಬುಡ ಒತ್ತಿ ನೆಟ್ಟೆ. ಮಲ್ಲಿಗೆಗೆ ಹಾಕಿದ ಹಾಗೆ ಎರಡು ಹೊತ್ತು ನೀರು. ಹದಿನೈದು ದಿನದಲ್ಲಿ ಎಲೆ ಜೋತು ಬಿತ್ತು. ನೀರು ಸಾಲದು ಅಂತ ಇನ್ನೂ ಜಾಸ್ತಿ ಹಾಕಿದೆ. ತಿಂಗಳಾಗುವಾಗ ಎಲೆ ಹಿಡಿದು ಎತ್ತಿದರೆ ಎಲೆ ಮಾತ್ರ ಕೈಗೆ ಬಂತು. ಬೇರು ಮಣ್ಣಿನೊಳಗೆ ಲೋಳೆಯಾಗಿತ್ತು.

ಎಲೆ ಬಾಡಿದ್ದು ನೀರಿಲ್ಲದೆಯೇ, ತಮಾಷೆ ನೋಡಿ. ನೀರು ಕುಡಿಯುವ ಬೇರೇ ಕೊಳೆತರೆ ಚಟ್ಟಿಯಲ್ಲಿ ಎಷ್ಟು ನೀರಿದ್ದು ಏನು ಉಪಯೋಗ?

ಮರದ ಮೇಲಿನ ಬೇರು ಮಣ್ಣಿನ ಬೇರಿನ ಹಾಗಲ್ಲ. ಅದರ ಸುತ್ತ ಸ್ಪಂಜಿನಂಥ ಬಿಳಿ ಪದರ ಉಂಟು. ವೆಲಾಮೆನ್ ಅನ್ನುತ್ತಾರೆ. ಮಳೆ ಬಿದ್ದ ಕೂಡಲೇ ಅದು ನೀರು ಹೀರಿ ಇಟ್ಟುಕೊಳ್ಳುತ್ತದೆ. ಆಮೇಲೆ ಗಾಳಿಗೆ ಒಣಗಬೇಕು. ಒಣಗಿದಾಗ ಬೆಳ್ಳಿ ಬಣ್ಣ, ಒದ್ದೆಯಾದಾಗ ಹಸಿರು. ನೋಡಿ, ಈ ಚಟ್ಟಿಯಿಂದ ಹೊರಗೆ ಇಣುಕಿದ ಬೇರಿಗೆ ಎರಡು ಹನಿ ನೀರು ಬಿಡುತ್ತೇನೆ. ಮುಂದಿನ ಸಾಲಿನವರಿಗೆ ಕಂಡಿತಾ? ಹಸಿರಾಯಿತು. ನೀರು ಯಾವಾಗ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಬೇರು ಬೆಳ್ಳಗಾದ ಮೇಲೆ ಹಾಕಿ. ಬೇರು ಕಾಣದಿದ್ದರೆ ಚಟ್ಟಿ ಎತ್ತಿ ತೂಕ ನೋಡಿ. ನಾಲ್ಕು ದಿನ ಎತ್ತಿದರೆ ಕೈಗೇ ಗೊತ್ತಾಗುತ್ತದೆ.

ಹೊಸಬರು ಯಾವ ಗಿಡ ತರಬೇಕು? ಡೆಂಡ್ರೋಬಿಯಂ ತನ್ನಿ. ನಮ್ಮ ಸೆಕೆ, ನಮ್ಮ ತೇವ ಅದಕ್ಕೆ ಹೇಳಿ ಮಾಡಿಸಿದ್ದು. ವಂದಾ ಕೂಡ ಆಗುತ್ತದೆ. ವಂದಾ ಸಂಸ್ಕೃತದಿಂದಲೇ ಹೋದ ಹೆಸರು. ಅದನ್ನು ಮರದ ಬುಟ್ಟಿಯಲ್ಲಿ ಏನೂ ತುಂಬದೆ ನೇತುಹಾಕಬೇಕು. ಬೇಸಗೆಯಲ್ಲಿ ದಿನಾ ನೀರು ಕೇಳುತ್ತದೆ, ನೆಂಟರ ಮನೆಗೆ ನಾಲ್ಕು ದಿನ ಹೋಗುವವರಿಗೆ ಕಷ್ಟ. ಫಲನಾಪ್ಸಿಸ್ ಬಿಸಿಲು ಬೀಳದ ಜಗಲಿಗೆ ಒಳ್ಳೆಯದು. ಅಂಗಡಿಯ ದೊಡ್ಡ ಹೂವಿನ ಸಿಂಬಿಡಿಯಂ ಮಾತ್ರ ಬೇಡ. ಅದಕ್ಕೆ ರಾತ್ರಿ ಚಳಿ ಬೇಕು. ಮಡಿಕೇರಿಯಲ್ಲಿ ಹೂ ಬಿಟ್ಟದ್ದನ್ನು ನೋಡಿ ಆಸೆಯಿಂದ ತಂದರೆ ಇಲ್ಲಿ ಬರೀ ಹುಲ್ಲು ಬೆಳೆದೀತು.

ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ. ಅದರಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ಯಾವುದೋ ಶಿಲೀಂಧ್ರ ಜೊತೆಗೆ ಸಿಕ್ಕಿದರೆ ಮಾತ್ರ ಬದುಕುತ್ತದೆ. ಒಂದು ಸೀತಾಳೆ ಅಷ್ಟು ದೊಡ್ಡದಾಗಲು ಎಷ್ಟೋ ವರ್ಷ ಹಿಡಿದಿರುತ್ತದೆ. ಗಾಳಿಮಳೆಗೆ ಮರ ಉರುಳಿದರೆ ಆಗ ತನ್ನಿ. ಹತ್ತಿಬಟ್ಟೆಯ ಪಟ್ಟಿಯಲ್ಲಿ ಹಲಸಿನ ಕಾಂಡಕ್ಕೆ ಕಟ್ಟಿ. ಬಟ್ಟೆ ಲಡ್ಡಾಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ.

ಇನ್ನು ಚಟ್ಟಿ ಬದಲಿಸುವ ಕೆಲಸ. ಹೂ ಇರುವಾಗ ಮುಟ್ಟಬೇಡಿ. ಬುಡದಲ್ಲಿ ಹೊಸ ಚಿಗುರು ಬಂದು, ಅದರ ಕಾಲಿಗೆ ಹಸಿರು ತುದಿಯ ಹೊಸ ಬೇರು ಒಂದೆರಡು ಸೆಂಟಿಮೀಟರ್ ಇಣುಕುವ ಹೊತ್ತು, ಅದೇ ಮುಹೂರ್ತ. ಪಂಚಾಂಗ ಬೇಡ. ಈ ಗಿಡದಲ್ಲಿ ಈಗ ಹಾಗೆಯೇ ಬಂದಿದೆ. ಮಳೆ ಹಿಡಿಯಲು ಇನ್ನೂ ಒಂದು ತಿಂಗಳು ಉಂಟು, ಅಷ್ಟರಲ್ಲಿ ಬೇರು ಕಚ್ಚುತ್ತದೆ. ಜೂನ್ ಜುಲೈ ಮಳೆಯಲ್ಲಿ ಗಾಯದ ಬೇರು ಇಟ್ಟರೆ ಕೊಳೆಯುವುದೇ ಜಾಸ್ತಿ.

ಚಟ್ಟಿಗೆ ಏನು ತುಂಬುವುದು? ಅಂಗಡಿಯಲ್ಲಿ ಪೈನ್ ತೊಗಟೆ ಅಂತ ಪ್ಯಾಕೆಟ್ ಸಿಗುತ್ತದೆ. ತೆಂಗಿನ ಸಂಶೋಧನೆಗೆ ಅಂತ 1916ರಲ್ಲೇ ಕೇಂದ್ರ ಶುರುವಾದ ಊರು ನಮ್ಮ ಕಾಸರಗೋಡು. ನಾವು ಪೈನ್ ತೊಗಟೆಗೆ ದುಡ್ಡು ಕೊಡುವುದಾ? ಮೂರು ಸಾಮಾನು ಸಾಕು. ಒಂದು, ಹಳೇ ಹಂಚಿನ ಚೂರು. ಎಲ್ಲರೂ ಹಂಚು ಇಳಿಸಿ ಟೆರೇಸ್ ಹಾಕಿಸುತ್ತಿದ್ದಾರೆ, ಹಂಚಿಗೆ ಬರ ಇಲ್ಲ. ಎರಡು, ಗೆರಟೆಯ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು. ಮೂರು, ತೆಂಗಿನ ಸಿಪ್ಪೆ, ಹೆಬ್ಬೆರಳು ಗಾತ್ರಕ್ಕೆ ಕೊಚ್ಚಿದ್ದು. ಸಿಪ್ಪೆಯನ್ನು ಹಾಗೆಯೇ ಹಾಕಬಾರದು. ಬಕೆಟಿನಲ್ಲಿ ನೆನೆಹಾಕಿ, ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಅದು ಅದರ ಚೊಗರು. ಬಣ್ಣ ತಿಳಿಯಾಗುವವರೆಗೆ ದಿನಾ ನೀರು ಬದಲಿಸಿ. ನನಗೆ ಐದಾರು ದಿನ ಹಿಡಿಯುತ್ತದೆ.

ಪ್ರಮಾಣದಲ್ಲಿ ಮಾತ್ರ ಪುಸ್ತಕ ನಂಬಿ ಕೆಟ್ಟಿದ್ದೇನೆ. ಅರ್ಧಕ್ಕರ್ಧ ಸಿಪ್ಪೆ ಹಾಕಿದ ಚಟ್ಟಿ ಬೇಸಗೆಯಲ್ಲಿ ಚಂದ ಇತ್ತು. ಆಟಿ ತಿಂಗಳ ಮಳೆಯಲ್ಲಿ ಹಿಂಡಿದರೆ ನೀರು ಬರುವ ಹಾಗೆ ಆಯಿತು. ಈಗ ಹಂಚು ಮತ್ತು ಮಸಿಯೇ ಮುಕ್ಕಾಲು, ಸಿಪ್ಪೆ ಕಾಲು ಭಾಗ. ಬೇಸಗೆಯಲ್ಲಿ ಒಂದು ಸಲ ಜಾಸ್ತಿ ನೀರು ಹಾಕಿದರಾಯಿತು, ಮಳೆಗಾಲದಲ್ಲಿ ನೀರು ಕಡಿಮೆ ಮಾಡುವುದು ನಮ್ಮ ಕೈಯಲ್ಲಿ ಇಲ್ಲ, ಅಲ್ವಾ?

ಈಗ ಬಿಚ್ಚುವ. ಬೆಳಗ್ಗೆಯೇ ಇದನ್ನು ನೀರಲ್ಲಿ ಅದ್ದಿ ಬಂದಿದ್ದೇನೆ. ಒದ್ದೆ ಬೇರು ಬಗ್ಗುತ್ತದೆ, ಒಣ ಬೇರು ಮುರಿಯುತ್ತದೆ. ಚಟ್ಟಿಯ ಹೊಟ್ಟೆಯನ್ನು ಸುತ್ತ ಒತ್ತಿ... ಬರುವುದಿಲ್ಲ. ಬೇರು ಪ್ಲಾಸ್ಟಿಕ್ಕಿಗೆ ಅಂಟಿದೆ. ಎಳೆದಾಡುವುದು ಬೇಡ, ಚಟ್ಟಿಯನ್ನೇ ಕತ್ತರಿಸುವ. ಹತ್ತಿಪ್ಪತ್ತು ರೂಪಾಯಿಯ ಚಟ್ಟಿ ಹೋಗಲಿ.

ಹಾ, ಬಂತು. ವಾಸನೆ ಬಂತಾ? ಮೇಲಿನ ಅರ್ಧ ಕಾಡಿನ ತರಗೆಲೆಯ ವಾಸನೆ, ಒಳ್ಳೆಯದು. ಕೆಳಗೆ ಹೊಳೆಬದಿಯಲ್ಲಿ ಹುರಿ ಹೊಸೆಯಲು ಸಿಪ್ಪೆ ಕೊಳೆಹಾಕುತ್ತಾರಲ್ಲ, ಆ ವಾಸನೆ. ಒಂದು ವರ್ಷ ತಡ ಮಾಡಿದೆ ಅಂತ ಅರ್ಥ. ಇಲ್ಲಿ ನೋಡಿ, ಗೋಧಿ ಕಾಳಿನಷ್ಟು ದೊಡ್ಡ ಬಸವನಹುಳು ಎರಡು. ಬೇರಿನ ತುದಿ ಯಾರು ತಿನ್ನುತ್ತಿದ್ದರು ಅಂತ ಈಗ ಗೊತ್ತಾಯಿತು.

ಬೇರನ್ನು ಒಂದೊಂದಾಗಿ ಚಿವುಟಿ ನೋಡಬೇಕು. ಇದು ಗಟ್ಟಿ, ಇರಲಿ. ಇದು ಟೊಳ್ಳು. ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗಿನ ನೂಲು ಮಾತ್ರ ಉಳಿಯಿತು. ಅದನ್ನು ಕತ್ತರಿಸಿ. ಕತ್ತರಿಯನ್ನು ಗ್ಯಾಸ್ ಲೈಟರಿನ ಉರಿಯಲ್ಲಿ ಕಾಯಿಸಿಕೊಳ್ಳಿ, ಮುಂದಿನ ಗಿಡಕ್ಕೆ ಹೋಗುವ ಮೊದಲು ಮತ್ತೆ ಕಾಯಿಸಿ. ಆರ್ಕಿಡಿನ ವೈರಸ್ ರೋಗಗಳು ಕತ್ತರಿಯ ಬಾಯಲ್ಲೇ ಮನೆಯಿಡೀ ತಿರುಗುತ್ತವೆ, ಅವಕ್ಕೆ ಮದ್ದಿಲ್ಲ. ಕತ್ತರಿಸಿದ ಕಾಂಡದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು. ಒಳ್ಳೆಯ ಬೇರಿಗೆ ತಾಗಿಸಬೇಡಿ, ಒಣಗಿಸಿಬಿಡುತ್ತದೆ.

ಎಲೆ ಉದುರಿದ ಈ ಸುಕ್ಕು ಕೋಲುಗಳನ್ನು ಕಂಡು ನನ್ನ ಅತ್ತೆ ಒಮ್ಮೆ "ಸತ್ತದ್ದನ್ನು ಎಂತಕ್ಕೆ ಇಟ್ಟುಕೊಂಡಿದ್ದೀ" ಅಂತ ಕತ್ತರಿಸಲು ಹೊರಟಿದ್ದರು. ಸತ್ತಿಲ್ಲ. ಅದು ಗಿಡದ ಪತ್ತಾಯ, ಅಂದರೆ ಕಣಜ. ನೀರೂ ಆಹಾರವೂ ಅದರಲ್ಲೇ ಇರುವುದು. ಕೆಲವು ಜಾತಿಯಲ್ಲಿ ಬೋಳು ಕೋಲಿನಿಂದಲೇ ಹೂ ಬರುತ್ತದೆ. ಹಳದಿಯಾಗಿ ಮೆತ್ತಗಾದರೆ ಮಾತ್ರ ತೆಗೆಯಿರಿ. ಒಟ್ಟು ಒಂಬತ್ತು ಕೋಲು ಉಂಟು. ಐದು, ನಾಲ್ಕು ಅಂತ ಎರಡು ಪಾಲು ಮಾಡುತ್ತೇನೆ. ಅದಕ್ಕಿಂತ ಸಣ್ಣ ಪಾಲು ಬೇಡ, ಹೂವಿಗೆ ಎರಡು ಮೂರು ವರ್ಷ ಕಾಯಬೇಕಾದೀತು.

ಹೊಸ ಚಟ್ಟಿ ದೊಡ್ಡದು ಬೇಡ. ಬೇರು ಕೂತು, ಮುಂದೆ ಎರಡು ಬೆರಳು ಜಾಗ ಉಳಿದರೆ ಸಾಕು. ಹಳೇ ಕೋಲು ಚಟ್ಟಿಯ ಅಂಚಿಗೆ, ಹೊಸ ಚಿಗುರು ನಡುವಿಗೆ. ಈ ಗಿಡ ಒಂದೇ ದಿಕ್ಕಿಗೆ ನಡೆಯುತ್ತಾ ಹೋಗುತ್ತದೆ, ಅದಕ್ಕೆ ನಡೆಯಲು ಜಾಗ ಬೇಕು. ಬುಡ ಹೂಳಬೇಡಿ. ಆಮೇಲೆ ಒಂದು ಕಡ್ಡಿ ಚುಚ್ಚಿ ಕಟ್ಟಿ. ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಹಂಚಿಗೆ ಉಜ್ಜಿ ಸಾಯುತ್ತದೆ.

ಬೆಳಕಿನ ಬಗ್ಗೆ ಎರಡೇ ಮಾತು. ಡೆಂಡ್ರೋಬಿಯಂಗೆ ಐವತ್ತು ಪರ್ಸೆಂಟ್ ಶೇಡ್ ನೆಟ್, ಇಲ್ಲವೇ ಬೆಳಗಿನ ಬಿಸಿಲು ಬೀಳುವ ಪೂರ್ವದ ಜಗಲಿ. ಎಲೆ ಕಡು ಹಸಿರಾಗಿ ಮಿರಿಮಿರಿ ಮಿಂಚಿದರೆ ಹಿಗ್ಗಬೇಡಿ, ಬೆಳಕು ಸಾಲದು ಅಂತ. ಅಡಿಕೆ ತೋಟದ ಒಳಗೆ ಇಟ್ಟರೆ ಹಾಗೇ ಆಗುವುದು. ಮತ್ತೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ದಿನ ಚಟ್ಟಿಗಳನ್ನು ಅಲ್ಲಿಂದ ಎತ್ತಿ. ಅದರಲ್ಲಿ ಮೈಲುತುತ್ತು ಉಂಟಲ್ಲ, ಅದರ ತಾಮ್ರ ಡೆಂಡ್ರೋಬಿಯಂಗೆ ಆಗುವುದಿಲ್ಲ.

ಗೊಬ್ಬರ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು, ಒಂದು ಲೀಟರ್ ನೀರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ, ಅದೂ ಹೊಸ ಬೇರು ಓಡುವಾಗ. ಫಲನಾಪ್ಸಿಸ್ ಇದ್ದವರು ಮಳೆಗಾಲದಲ್ಲಿ ಅದನ್ನು ಮಾಡಿನ ಕೆಳಗೆ ತನ್ನಿ. ನಡುವಿನ ಸುಳಿಯಲ್ಲಿ ರಾತ್ರಿ ನೀರು ನಿಂತರೆ ಸುಳಿ ಕೊಳೆತು ಗಿಡ ಮುಗಿಯುತ್ತದೆ. ಮರದ ಮೇಲೆ ಅದು ವಾಲಿ ಬೆಳೆಯುತ್ತದೆ, ನೀರು ತಾನಾಗಿ ಜಾರುತ್ತದೆ. ಚಟ್ಟಿಯಲ್ಲಿ ನಾವು ನೆಟ್ಟಗೆ ಕೂರಿಸಿದ್ದೇವೆ.

ಇಲ್ಲಿಗೆ ಎರಡು ಚಟ್ಟಿ ಆಯಿತು. ಐದು ಕೋಲಿನದ್ದು ನನಗೆ. ನಾಲ್ಕು ಕೋಲಿನದ್ದು ವಾಚನಾಲಯದ ಜಗಲಿಗೆ, ಅಗೋ ಆ ಕಂಬದ ಹತ್ತಿರ ನೇತುಹಾಕುವ. ನಾಲ್ಕು ದಿನ ನೀರು ಬೇಡ, ಗಾಯ ಒಣಗಲಿ. ಪೇಪರ್ ಓದಲು ಬಂದವರೆಲ್ಲ ಒಂದೊಂದು ಲೋಟ ಹೊಯ್ದರೆ ಕಷ್ಟ. ಯಾರಾದರೂ ಒಬ್ಬರೇ ಇದರ ಜವಾಬ್ದಾರಿ ತೆಗೆದುಕೊಳ್ಳಿ. ಯಾರು? ಹಿಂದಿನ ಬೆಂಚಿನ ಅಕ್ಕ ಕೈ ಎತ್ತಿದ ಹಾಗೆ ಕಂಡಿತು. ಬನ್ನಿ ಅಕ್ಕ, ಮೊದಲು ಇದನ್ನು ಎತ್ತಿ ತೂಕ ನೋಡಿ.