ಮೊದಲು ಕೈ, ಆಮೇಲೆ ಕಾಸು

ಕೇಳುಗರೆಲ್ಲರಿಗೂ ನಮಸ್ಕಾರ.

‘ಐ.ಟಿ. ಉದ್ಯೋಗಕ್ಕೆ ತರಬೇತಿ ಮತ್ತು ಸರ್ಟಿಫಿಕೇಟುಗಳ ಆಯ್ಕೆ’ ಅಂತ ನಿಲಯದವರು ವಿಷಯ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಕೊಟ್ಟಿರೋ ಸಮಯ ಹತ್ತು ನಿಮಿಷ. ಹಾಗಾಗಿ ನಾನು ಒಂದೇ ಒಂದು ಮಾತು ಹೇಳೋಕೆ ಬಂದಿದ್ದೀನಿ. ಮೊದಲು ಕೈ, ಆಮೇಲೆ ಕಾಸು. ಕೈಯಾರೆ ಮಾಡಿ ನೋಡದ ಕೆಲಸಕ್ಕೆ ಒಂದು ರೂಪಾಯಿ ಫೀಸೂ ಕಟ್ಟಬೇಡಿ.

ಈಗ ಇದನ್ನ ಯಾರು ಕೇಳ್ತಿರಬಹುದು ಅಂತ ನನ್ನ ಮನಸ್ಸಲ್ಲಿ ಒಂದು ಚಿತ್ರ ಇದೆ. ಚಳ್ಳಕೆರೆಯಲ್ಲೋ ಹಿರೇಕೆರೂರಲ್ಲೋ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿರೋ ಒಬ್ಬಳು ಹುಡುಗಿ. ಅಡುಗೆಮನೆಯಲ್ಲಿ ರೇಡಿಯೋ ಹಾಕ್ಕೊಂಡು ಸೊಪ್ಪು ಬಿಡಿಸ್ತಿರೋ ಅವಳ ತಾಯಿ. ಅಮ್ಮಂದಿರೂ ಸ್ವಲ್ಪ ಕಿವಿಗೊಟ್ಟು ಕೇಳಿ. ಬಳೆ ಅಡವಿಡೋ ಮಾತು ಬಂದಾಗ ಮನೆಯವರು ನೋಡೋದು ನಿಮ್ಮ ಕೈಯನ್ನೇ.

ಊರಿಗೆ ಹೋದಾಗಲೆಲ್ಲ ನನ್ನನ್ನ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ‘ಯಾವ ಕೋರ್ಸಿಗೆ ಸ್ಕೋಪ್ ಇದೆ ಸಾರ್?’ ಸುಳ್ಳು ಯಾಕೆ ಹೇಳ್ಲಿ, ಇದನ್ನ ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ಸಂತೆಗೆ ಹೋಗಿ ಯಾವ ಚಪ್ಪಲಿಗೆ ಸ್ಕೋಪ್ ಇದೆ ಅಂತ ಕೇಳ್ತೀವಾ? ಕಾಲು ಹಾಕಿ ನೋಡ್ತೀವಿ. ನೂರಿನ್ನೂರು ರೂಪಾಯಿ ಚಪ್ಪಲಿಗೆ ಇಷ್ಟು ನೋಡೋರು, 60,000 ರೂಪಾಯಿ ಕೋರ್ಸಿಗೆ ಕಣ್ಣು ಮುಚ್ಚಿ ಸಹಿ ಹಾಕ್ತೀವಿ.

ನಾನೂ ಹಾಗೇ ಹಾಕಿದವನು. ಅದನ್ನೊಂದು ಹೇಳಿಬಿಡ್ತೀನಿ.

ನಮ್ಮದು ತಿಪಟೂರು ಕಡೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ನನ್ನನ್ನ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಕಲಿತದ್ದು ಸಿಸಿಎನ್ಎ. ಸಿಸ್ಕೋ ಕಂಪನಿಯ ನೆಟ್‌ವರ್ಕ್ ಪರೀಕ್ಷೆ ಅದು, ಈಗಲೂ ಇದೆ. ನಮ್ಮ ಬ್ಯಾಚಿನಲ್ಲಿ 30 ಜನ, ರೂಟರ್ ಎರಡು. ರೂಟರ್ ಅಂದರೆ ಒಂದು ನೆಟ್‌ವರ್ಕಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸೋ ಪೆಟ್ಟಿಗೆ. ಆ ಎರಡೂ ಮೇಷ್ಟ್ರ ಮೇಜಿನ ಹಿಂದೆ, ಗಾಜಿನ ಬೀರುವಲ್ಲಿ. ಉತ್ಸವಮೂರ್ತಿ ಥರ ದೂರದಿಂದ ನೋಡಿ ಕೈ ಮುಗಿದು ಬರೋದು. ನಾನು ಪ್ರಶ್ನೋತ್ತರ ಉರು ಹೊಡೆದೆ. ನೆಟ್‌ವರ್ಕಿಗೆ ಏಳು ಪದರ ಅಂತ ಒಂದು ಪಾಠ ಇದೆ, ಅದನ್ನ ಮಗ್ಗಿ ಥರ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಒಪ್ಪಿಸ್ತಿದ್ದೆ. ಪಾಸಾದೆ. ಬ್ಯಾಂಕುಗಳ ನೆಟ್‌ವರ್ಕ್ ನೋಡಿಕೊಳ್ಳೋ ಒಂದು ಸಣ್ಣ ಕಂಪನಿಯಲ್ಲಿ ಕೆಲಸವೂ ಸಿಕ್ತು.

2004ರ ದಸರಾ ಮುಗಿದ ವಾರ. ಶಿವಮೊಗ್ಗ ಕಡೆಯ ಒಂದು ಶಾಖೆಯಲ್ಲಿ ಲಿಂಕ್ ಇಲ್ಲ ಅಂತ ಫೋನ್ ಬಂತು. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಹೋಗಿ ನೋಡ್ತೀನಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದ ಕಲೆ ಇನ್ನೂ ಹಾಗೇ ಇದೆ. ಒಳಗೆ ರೂಟರಿಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ಮೇಲೆ ಬಾಡಿದ ಸೇವಂತಿಗೆ. ಆಯುಧಪೂಜೆಗೆ ಭರ್ಜರಿ ಅಲಂಕಾರ.

ನಾನು ಲ್ಯಾಪ್‌ಟಾಪ್ ಬಿಚ್ಚಿದೆ. ಗೊತ್ತಿರೋ ಕಮ್ಯಾಂಡ್ ಎಲ್ಲ ಹೊಡೆದೆ. ರೂಟರನ್ನ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಇದ್ದ ಸೆಟ್ಟಿಂಗ್ ಅಳಿಸಿ ಮೊದಲಿಂದ ಹಾಕಿದೆ. ಟೆಲಿಫೋನಿನವರ ಲೈನಿನಲ್ಲೇ ದೋಷ ಅಂತ ಬೆಂಗಳೂರಿಗೆ ಹೇಳಿದೆ. ಅವರು ನೋಡಿ, ನಮ್ಮ ಕಡೆ ಸರಿ ಇದೆ ಅಂದರು. ಮ್ಯಾನೇಜರ್ ಹತ್ತು ನಿಮಿಷಕ್ಕೊಂದು ಸಲ ಬಂದು ನನ್ನ ಹಿಂದೆ ನಿಂತು ಹೋಗ್ತಿದ್ದರು, ಮಾತಿಲ್ಲ ಕತೆಯಿಲ್ಲ. ಕೌಂಟರಿನ ಮುಂದೆ ಜನ. ಮೂರು ಗಂಟೆ ಆಯ್ತು, ಊಟ ಇಲ್ಲ.

ಆಗ ಅಲ್ಲಿನ ಅಟೆಂಡರ್, ನಮ್ಮಪ್ಪನ ವಯಸ್ಸಿನವರು, ಟೀ ತಂದಿಟ್ಟು ಮೆಲ್ಲಗೆ ಹೇಳಿದರು. ‘ಸಾರ್, ತಪ್ಪು ತಿಳ್ಕೋಬೇಡಿ. ಹಬ್ಬಕ್ಕೆ ಒರೆಸೋವಾಗ ಈ ದಪ್ಪ ಕೇಬಲ್ ಬಿಚ್ಚಿದ್ದೆ. ವಾಪಸ್ ಸಿಗಿಸಿದ್ದೀನಿ. ಆದ್ರೆ ಸ್ಕ್ರೂ ತಿರುಗಿಸೋಕೆ ಏನೂ ಸಿಗಲಿಲ್ಲ.’

ನೋಡಿದರೆ ಕೇಬಲ್ ಅರ್ಧ ಬೆರಳು ಹೊರಗಿದೆ. ನನ್ನ ಹತ್ತಿರವೂ ಸ್ಕ್ರೂಡ್ರೈವರ್ ಇರಲಿಲ್ಲ ಅನ್ನೋದು ಬೇರೆ ಮಾತು. ಅವರೇ ಜೇಬಿಂದ ಎಂಟಾಣೆ ನಾಣ್ಯ ತೆಗೆದು ಎರಡು ಸ್ಕ್ರೂ ತಿರುಗಿಸಿದರು. ಹಸಿರು ದೀಪ ಬಂತು. ಏಳು ಪದರದಲ್ಲಿ ಎಲ್ಲಕ್ಕಿಂತ ಕೆಳಗಿನದು, ಮೊಟ್ಟಮೊದಲನೆಯದು ಕೇಬಲ್ಲು. ಅದನ್ನ ನಾನು ಸಾವಿರ ಸಲ ಬಾಯಲ್ಲಿ ಹೇಳಿದ್ದೆ, ಒಂದು ಸಲವೂ ಕೈಯಲ್ಲಿ ಹಿಡಿದಿರಲಿಲ್ಲ. ಕಂಪನಿಗೆ ಕೊಟ್ಟ ವರದಿಯಲ್ಲಿ ‘ಭೌತಿಕ ಸಂಪರ್ಕದ ದೋಷ ಸರಿಪಡಿಸಲಾಯಿತು’ ಅಂತ ಬರೆದೆ. ಎಂಟಾಣೆ ವಿಷಯ ಬರೆಯಲಿಲ್ಲ.

ಇವತ್ತಿನ ಮಕ್ಕಳಿಗೆ ಆ ಗಾಜಿನ ಬೀರುವಿನ ಕಷ್ಟ ಇಲ್ಲ. ಪ್ಯಾಕೆಟ್ ಟ್ರೇಸರ್ ಅಂತ ಸಿಸ್ಕೋದವರದೇ ಒಂದು ತಂತ್ರಾಂಶ ಇದೆ, ಉಚಿತ. ಪರದೆ ಮೇಲೆ ಹತ್ತು ರೂಟರ್ ಇಟ್ಟು, ಕೇಬಲ್ ಎಳೆದು, ಕೆಡಿಸಿ, ಸರಿ ಮಾಡಬಹುದು. ಲಿನಕ್ಸ್ ಅಂದರೆ ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ತಂತ್ರಾಂಶ. ಅದನ್ನ ಕಲಿಯೋರು ಇರೋ ಕಂಪ್ಯೂಟರಿನೊಳಗೇ ವರ್ಚುಯಲ್‌ಬಾಕ್ಸ್ ಹಾಕಿ ಇನ್ನೊಂದು ಕಂಪ್ಯೂಟರ್ ಮಾಡ್ಕೋಬಹುದು. ಅದೂ ಉಚಿತ. ಇಂಗ್ಲಿಷ್ ತೊಡಕಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿನಕ್ಸ್ ಪಾಠ ಕನ್ನಡದಲ್ಲೇ ಇದೆ. ಪಕ್ಕದಲ್ಲಿ ಪಾಠ ಹಾಕ್ಕೊಂಡು ಅವರು ಮಾಡಿದ ಹಾಗೆ ಮಾಡ್ತಾ ಹೋಗೋದು, ಅಷ್ಟೇ.

30 ದಿನ, ದಿನಕ್ಕೆ ಎರಡು ಗಂಟೆ. ಮೂವತ್ತನೇ ದಿನವೂ ಕೂತು ಮಾಡಬೇಕು ಅನ್ನಿಸಿದರೆ ಅದು ನಿಮ್ಮ ಕೆಲಸ, ಆಗ ದುಡ್ಡಿನ ಮಾತಾಡಿ. ಎಂಟನೇ ದಿನಕ್ಕೇ ಆಕಳಿಕೆ ಬಂದರೆ ನಿಮ್ಮ ಅಮ್ಮನ ಬಳೆ ಉಳೀತು. ಮೊದಲು ಕೈ, ಆಮೇಲೆ ಕಾಸು.

ಕಾಸು ಅಂದರೆ ಎಷ್ಟು? ಸಿಸಿಎನ್ಎ ಪರೀಕ್ಷೆಗೆ 300 ಡಾಲರ್, ತೆರಿಗೆ ಸೇರಿದರೆ 25,000 ರೂಪಾಯಿ ದಾಟುತ್ತೆ. ಫೇಲಾದರೆ ಇನ್ನೊಂದು ಸಲ ಪೂರ್ತಿ ಕಟ್ಟಬೇಕು. ಪಾಸಾದರೂ 3 ವರ್ಷಕ್ಕೆ ಅದರ ಅವಧಿ ಮುಗಿಯುತ್ತೆ. ಅದಕ್ಕೇ ಹೇಳೋದು, ಕೆಲಸಕ್ಕೆ ಅರ್ಜಿ ಹಾಕೋ ಹೊತ್ತಿಗೆ ಬರೀರಿ, ಡಿಗ್ರಿ ಮೊದಲ ವರ್ಷದಲ್ಲಲ್ಲ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಬೇರೆ. ರೆಡ್ ಹ್ಯಾಟ್ ಅನ್ನೋ ಲಿನಕ್ಸ್ ಕಂಪನಿಯವರ ಆರ್‌ಎಚ್‌ಸಿಎಸ್‌ಎ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕೋ ಆಟ ಅಲ್ಲಿಲ್ಲ. ಲಿನಕ್ಸ್ ಯಂತ್ರ ಕೊಟ್ಟು, ಈ ಕೆಲಸ ಮಾಡು ಅಂತಾರೆ. ಬಳಕೆದಾರರನ್ನ ಸೇರಿಸು, ಡಿಸ್ಕ್ ಭಾಗ ಮಾಡು, ಹೊರಗಿನವರನ್ನ ತಡೆಯೋ ಫೈರ್‌ವಾಲ್ ಸರಿಮಾಡು. ಕೊನೆಗೆ ಯಂತ್ರ ಆಫ್ ಆಗಿ ಆನ್ ಆದ ಮೇಲೂ ನೀವು ಮಾಡಿದ್ದು ಉಳಿದಿರಬೇಕು. 300ಕ್ಕೆ 210 ಬಂದರೆ ಪಾಸು. ಉರು ಹೊಡೆದವರು ಅಲ್ಲಿ ಒಂದು ಗಂಟೆ ಕೂರೋಕೂ ಆಗಲ್ಲ. ಪರೀಕ್ಷೆ ಅಂದರೆ ಹಾಗಿರಬೇಕು ರೀ!

ನಿಲಯದವರು ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ. ಆಯುಧಪೂಜೆ ನನ್ನ ಅರ್ಧ ಸಮಯ ನುಂಗಿತು. ಉಳಿದದ್ದನ್ನ ಓಡಿಸಿಬಿಡ್ತೀನಿ.

ಪ್ರೋಗ್ರಾಮಿಂಗ್ ಕೆಲಸಕ್ಕೆ ಸರ್ಟಿಫಿಕೇಟು ಬೇಡ. ಬರೆದ ಪ್ರೋಗ್ರಾಮನ್ನ ಗಿಟ್‌ಹಬ್ ಅನ್ನೋ ಜಾಲತಾಣದಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಡಿ. ನಿಮ್ಮೂರ ಹಾಲಿನ ಡೇರಿ ಲೆಕ್ಕಕ್ಕೆ ಬರೆದದ್ದಾದರೂ ಸರಿ, ಅದನ್ನೇ ನೋಡ್ತಾರೆ. ಪಾಠ ಬೇಕಾದರೆ ಎನ್‌ಪಿಟೆಲ್ ಇದೆ, ಐಐಟಿ ಮೇಷ್ಟ್ರುಗಳದ್ದು. ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ 1,000 ರೂಪಾಯಿ. ಕ್ಲೌಡ್, ಅಂದರೆ ದೂರದ ಕಂಪ್ಯೂಟರುಗಳನ್ನ ಇಂಟರ್ನೆಟ್ಟಲ್ಲಿ ಬಾಡಿಗೆಗೆ ಬಳಸೋ ಕೆಲಸ, ಆಮೇಲೆ. ಮೊದಲು ಲಿನಕ್ಸ್ ಮತ್ತು ನೆಟ್‌ವರ್ಕ್. ಸೈಬರ್ ಸೆಕ್ಯುರಿಟಿ ಅದಕ್ಕೂ ಆಮೇಲೆ. ಡಂಪ್ಸ್ ಅಂತ ಕದ್ದ ಪ್ರಶ್ನೆಪತ್ರಿಕೆ ಮಾರ್ತಾರೆ, ಮುಟ್ಟಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟು ರದ್ದು.

ಅಮ್ಮಂದಿರಿಗೆ ಒಂದು. ಇನ್‌ಸ್ಟಿಟ್ಯೂಟಿನವರು ‘ಈಗೇನೂ ಕಟ್ಟಬೇಡಿ, ತಿಂಗಳ ಕಂತು’ ಅಂತ ಕಾಗದ ಮುಂದಿಟ್ಟರೆ, ಎಷ್ಟೋ ಕಡೆ ಅದು ಫೈನಾನ್ಸ್ ಕಂಪನಿಯ ಸಾಲದ ಪತ್ರ. ಸಾಲ ನಿಮ್ಮ ಮಗಳ ಹೆಸರಲ್ಲಿ. ನಾಳೆ ಇನ್‌ಸ್ಟಿಟ್ಯೂಟ್ ಬಾಗಿಲು ಹಾಕಿದರೂ ಫೈನಾನ್ಸಿನವರು ಕಂತು ಕೇಳ್ತಾರೆ. ಕಾಗದ ಮನೆಗೆ ತಂದು ಓದಿ. ಮನೆಗೆ ಕೊಡಲ್ಲ ಅಂದರೆ ಆ ಕಡೆ ತಲೆ ಹಾಕಬೇಡಿ.

ಮನೆಯಲ್ಲಿ ಕಂಪ್ಯೂಟರೇ ಇಲ್ಲ ಅನ್ನೋರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ. ಆಫೀಸುಗಳು ಬದಲಾಯಿಸಿ ಬಿಟ್ಟ ಹಳೆ ಕಂಪ್ಯೂಟರ್ ಸಿಗುತ್ತೆ, ಕಲಿಯೋಕೆ ಅದು ಧಾರಾಳ. 8 ಜಿಬಿ ರ‍್ಯಾಮ್ ಇದೆಯಾ ಅಂತ ಆನ್ ಮಾಡಿಸಿ ನೋಡ್ಕೊಳ್ಳಿ. ಮಾನಿಟರಿನ ಕೇಬಲ್ ಬಾಯಿಬಿಟ್ಟು ಕೇಳಿ ಇಸ್ಕೊಳ್ಳಿ, ಅವರಾಗೇ ಕೊಡಲ್ಲ. ಹಾಗೇ ಮೂವತ್ತು ನಲವತ್ತು ರೂಪಾಯಿಗೆ ಒಂದು ಸ್ಕ್ರೂಡ್ರೈವರೂ ತಗೊಳ್ಳಿ.

ನಮಸ್ಕಾರ.